ಫ್ಯಾನ್ ತಿರುಗುತ್ತಿತ್ತು, ಮಷೀನ್ ನಿಂತಿತ್ತು

ಪುಣೆಯ ಬಿಬವೇವಾಡಿಯಲ್ಲಿ ನಮ್ಮ ಅಕ್ಕ-ಭಾವ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದ್ದಾರೆ. ಮೂರನೆಯ ಮಹಡಿಯ ಫ್ಲ್ಯಾಟು. ಸೊಸೈಟಿಯ ಜನರೇಟರ್ ಲಿಫ್ಟಿಗೆ, ನೀರಿನ ಪಂಪಿಗೆ ಮಾತ್ರ. ಮನೆಯೊಳಗೆ ಅವರದೇ ಇನ್ವರ್ಟರ್. ಒಮ್ಮೆ ಮೇ ತಿಂಗಳ ರಾತ್ರಿ ಗಾಳಿಮಳೆಗೆ ಎಲ್ಲೋ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು ಕರೆಂಟ್ ಹೋಯಿತು. ಇನ್ವರ್ಟರ್ ತನ್ನ ಕೆಲಸ ಮಾಡಿತು, ಫ್ಯಾನ್ ಒಂದು ಸುತ್ತೂ ತಪ್ಪಲಿಲ್ಲ. ಆದರೆ ಭಾವ ಎರಡೂವರೆ ಹೊತ್ತಿಗೆ ಏದುಸಿರು ಬಿಡುತ್ತ ಎದ್ದು ಕುಳಿತರು. ಮೂಗಿನ ಮೇಲೆ ಮಾಸ್ಕ್ ಇದ್ದಲ್ಲೇ ಇತ್ತು. ಅದಕ್ಕೆ ಗಾಳಿ ಊದಬೇಕಾದ ಸಿಪ್ಯಾಪ್ ಮಷೀನ್ ಮಾತ್ರ ಸದ್ದಿಲ್ಲದೆ ನಿಂತಿತ್ತು.

"ಫ್ಯಾನ್ ತಿರಗಾಕತ್ತಿತ್ತಲ್ಲ, ಲೈಟ್ ಹೋಗಿದ್ದs ಗೊತ್ತಾಗ್ಲಿಲ್ಲ ನೋಡು," ಎಂದಳು ಅಕ್ಕ. ಊರು ವಿಜಯಪುರವಾದರೂ ಕರೆಂಟಿಗೆ 'ಲೈಟ್' ಅನ್ನುವುದು ಅವಳಿಗೆ ಪುಣೆಯ ಮರಾಠಿ ಹಚ್ಚಿದ ರೂಢಿ.

ಆಗಿದ್ದಿಷ್ಟೇ. ನಮ್ಮ ಮನೆಗಳಲ್ಲಿ ಇನ್ವರ್ಟರ್ ಲೈನ್ ಎಳೆಸುವಾಗ ಎಲೆಕ್ಟ್ರೀಷಿಯನ್ ಫ್ಯಾನು-ದೀಪಗಳನ್ನು ಅದಕ್ಕೆ ಜೋಡಿಸುತ್ತಾನೆ, ಪ್ಲಗ್ ಪಾಯಿಂಟುಗಳನ್ನು ಬಿಡುತ್ತಾನೆ. ಯಾರಾದರೂ ಇಸ್ತ್ರಿ ಪೆಟ್ಟಿಗೆ ಚುಚ್ಚಿ ಬ್ಯಾಟರಿ ಬರಿದು ಮಾಡಬಾರದಲ್ಲ! ಮಂಚದ ಪಕ್ಕದ ಪ್ಲಗ್ಗೂ ಹಾಗೆ ಹೊರಗೆ ಉಳಿದಿತ್ತು. ಸೆಕೆ ಆಗಿದ್ದರೆ ಯಾರಿಗಾದರೂ ಎಚ್ಚರವಾಗುತ್ತಿತ್ತು. ಫ್ಯಾನ್ ಅದಕ್ಕೂ ಆಸ್ಪದ ಕೊಡಲಿಲ್ಲ.

ಭಾವನಿಗಿರುವುದು ಸ್ಲೀಪ್ ಆಪ್ನಿಯಾ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಾಗುತ್ತವೆ. ಕೆಲವರಲ್ಲಿ ನಾಲಿಗೆಯ ಬುಡ, ಕಿರುನಾಲಿಗೆಯ ಸುತ್ತಲಿನ ಮೆದು ಭಾಗ ಒಳಗೆ ಕುಸಿದು ಗಾಳಿಯ ದಾರಿಯನ್ನೇ ಮುಚ್ಚುತ್ತವೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಬರುವುದಿಲ್ಲ. ರಕ್ತದ ಆಮ್ಲಜನಕ ಇಳಿದಾಗ ಮಿದುಳು ಕ್ಷಣಕಾಲ ಎಚ್ಚರಗೊಂಡು ದಾರಿ ತೆರೆಯುತ್ತದೆ, ದೊಡ್ಡದೊಂದು ಗೊರಕೆ ಹೊರಡುತ್ತದೆ, ಮತ್ತೆ ಅದೇ ಕಥೆ. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ವೈದ್ಯರು ಅದನ್ನು ಒಂದು ಆಪ್ನಿಯಾ ಎಂದು ಎಣಿಸುತ್ತಾರೆ. ಉಸಿರು ಪೂರ್ತಿ ನಿಲ್ಲದೆ ತೀರ ಕ್ಷೀಣಿಸಿದ್ದನ್ನೂ ಸೇರಿಸಿ ಗಂಟೆಗೆ 30ಕ್ಕಿಂತ ಹೆಚ್ಚಾದರೆ ಕಾಯಿಲೆ ತೀವ್ರ. ಇದು ಅಪರೂಪದ ಕಾಯಿಲೆಯೂ ಅಲ್ಲ. ಭಾರತದಲ್ಲಿ ಸುಮಾರು 10 ಕೋಟಿ ಮಂದಿಗೆ ಇದಿರಬಹುದೆಂದು ದಿಲ್ಲಿಯ ಏಮ್ಸ್ ವೈದ್ಯರ ಅಂದಾಜು. ಬಹುಪಾಲು ಜನ ಇದನ್ನು ಬರೀ ಗೊರಕೆ ಅಂದುಕೊಂಡೇ ಇದ್ದಾರೆ.

1980ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಕುಸಿಯುವ ಗಂಟಲನ್ನು ಗಾಳಿಯಿಂದಲೇ ಎತ್ತಿ ಹಿಡಿಯುವ ಉಪಾಯ ಕಂಡುಹಿಡಿದರು. ಅದಕ್ಕೆ ಮುಂಚೆ ತೀವ್ರ ಕಾಯಿಲೆಗೆ ಕುತ್ತಿಗೆಯಲ್ಲಿ ರಂಧ್ರ ಕೊರೆಯುವುದೇ ದಾರಿಯಾಗಿತ್ತು. ಅವರ ಮೊದಮೊದಲ ಯಂತ್ರಗಳಲ್ಲಿ ಗಾಳಿ ಊದಿದ್ದು ವ್ಯಾಕ್ಯೂಮ್ ಕ್ಲೀನರಿನ ಮೋಟಾರು. ಮಾಸ್ಕನ್ನು ಪ್ರತಿ ರಾತ್ರಿ ಮುಖಕ್ಕೆ ಅಂಟಿಸಬೇಕಿತ್ತು. ಈಗಿನ ಮಷೀನು ಊಟದ ಡಬ್ಬಿಯಷ್ಟು ಗಾತ್ರದ್ದು, ಸದ್ದು ಪಿಸುಮಾತಿನಷ್ಟು. ಆದರೆ ಹೆಚ್ಚಿನವುಗಳ ಒಳಗೆ ಬ್ಯಾಟರಿ ಇಲ್ಲ. ಕರೆಂಟ್ ಹೋದರೆ ಹೋಯಿತು.

ಪುಣೆಗೆ ಕರೆಂಟ್ ಹೋಗುವುದು ಹೊಸದಲ್ಲ. 2005-06ರ ಲೋಡ್‌ಶೆಡ್ಡಿಂಗ್ ಕಾಲದಲ್ಲಿ ಈ ಊರು ವಿಚಿತ್ರ ಉಪಾಯ ಮಾಡಿತು. ಕಾರ್ಖಾನೆಗಳು ತಮ್ಮ ಜನರೇಟರುಗಳನ್ನು ತಾವೇ ಓಡಿಸಿಕೊಂಡವು, ಅವುಗಳ ಪಾಲಿನ ಗ್ರಿಡ್ ಕರೆಂಟು ಮನೆಗಳಿಗೆ ಬಂತು, ಹೆಚ್ಚುವರಿ ಖರ್ಚನ್ನು ಊರಿನ ಗ್ರಾಹಕರ ಬಿಲ್ಲಿಗೆ ಹಂಚಲಾಯಿತು. 2006ರಲ್ಲಿ ಶುರುವಾದ ಇದಕ್ಕೆ 'ಪುಣೆ ಮಾದರಿ' ಎಂದೇ ಹೆಸರಾಯಿತು. ಆ ಬಗೆಯ ಕೊರತೆ ಈಗಿಲ್ಲ. ಈಗಿನ ತೊಂದರೆ ತಂತಿಯದು. 2022ರ ಫೆಬ್ರುವರಿ 9ರ ಬೆಳಗಿನ ಜಾವ ದಟ್ಟ ಮಂಜು, ಇಬ್ಬನಿಗೆ 400 ಕೆ.ವಿ. ಲೈನುಗಳು ಟ್ರಿಪ್ ಆಗಿ ಪುಣೆ, ಪಿಂಪ್ರಿ-ಚಿಂಚವಾಡದ ದೊಡ್ಡ ಭಾಗ ಕರೆಂಟಿಲ್ಲದೆ ಎದ್ದಿತು. ಇನ್ಸುಲೇಟರಿನ ಮೇಲೆ ಕುಳಿತ ಧೂಳು ಒಣಗಿದ್ದಾಗ ಪಾಪದ್ದು. ಇಬ್ಬನಿಗೆ ನೆನೆದರೆ ಅದೇ ಕರೆಂಟಿಗೆ ದಾರಿಯಾಗುತ್ತದೆ. ಬೆಳಗಿನ ಜಾವವೆಂದರೆ ಆಪ್ನಿಯಾ ಇರುವವರಿಗೂ ಕೆಟ್ಟ ಹೊತ್ತು. ಕನಸಿನ ನಿದ್ದೆ ಆಗಲೇ ಹೆಚ್ಚು, ಆ ನಿದ್ದೆಯಲ್ಲಿ ಗಂಟಲು ಇನ್ನಷ್ಟು ಸಡಿಲ.

ಸರಿ, ಎಷ್ಟು ದೊಡ್ಡ ಬ್ಯಾಟರಿ ಬೇಕು? ಅಂಗಡಿಯವರು ಈ ಪ್ರಶ್ನೆಗೆ ಯಾವಾಗಲೂ ದೊಡ್ಡದನ್ನೇ ತೋರಿಸುತ್ತಾರೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ.

ಮಷೀನಿನ ಒತ್ತಡವನ್ನು ನೀರಿನ ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ. ಭಾವನದು 10. ಎತ್ತರದ ಲೋಟದ ನೀರಿನಲ್ಲಿ ಸ್ಟ್ರಾ 10 ಸೆಂ.ಮೀ. ಅದ್ದಿ ಗುಳ್ಳೆ ಎಬ್ಬಿಸಿ ನೋಡಿ, ಅಷ್ಟೇ ಒತ್ತಡ, ಸುಮಾರು 980 ಪಾಸ್ಕಲ್. ಆ ಒತ್ತಡದಲ್ಲಿ ಮಿನಿಟಿಗೆ 40 ಲೀಟರ್ ಗಾಳಿ ತಳ್ಳಲು ಬೇಕಾದ ಶಕ್ತಿ ಒತ್ತಡವನ್ನು ಹರಿವಿನಿಂದ ಗುಣಿಸಿದಷ್ಟು: 0.65 ವ್ಯಾಟ್. ಒಂದು ವ್ಯಾಟೂ ಇಲ್ಲ! ಮೋಟಾರಿನ ನಷ್ಟ, ಪರದೆ, ಸೆನ್ಸರು ಎಲ್ಲ ಸೇರಿ ಏಳೆಂಟು, ಹೆಚ್ಚೆಂದರೆ ಹತ್ತು ವ್ಯಾಟ್ ಆದೀತು.

ಕರೆಂಟ್ ತಿನ್ನುವುದು ಪಕ್ಕದ ನೀರಿನ ತೊಟ್ಟಿ. ಮೂಗು ಒಣಗದಿರಲೆಂದು ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಅದು. ಒಂದು ರಾತ್ರಿಗೆ 300 ಮಿಲಿಲೀಟರ್ ನೀರು ಆವಿಯಾಯಿತೆನ್ನಿ. ನೀರನ್ನು ಆವಿ ಮಾಡಲು ಲೀಟರಿಗೆ ಸುಮಾರು 24 ಲಕ್ಷ ಜೌಲ್ ಬೇಕು. ಇಷ್ಟು ನೀರಿಗೆ 200 ವ್ಯಾಟ್-ಗಂಟೆ, ಅಂದರೆ ಬಿಲ್ಲಿನ ಲೆಕ್ಕದಲ್ಲಿ ಯೂನಿಟ್ಟಿನ ಐದನೇ ಒಂದು ಭಾಗ. ಅದರ ಮೇಲೆ ಬಿಸಿ ಪೈಪು, ಸುತ್ತ ಸೋರಿಹೋಗುವ ಶಾಖ. ಉಸಿರಿಗೆ ಬೇಕಾದ್ದು ಝೀರೋ ಕ್ಯಾಂಡಲ್ ಬಲ್ಬಿನಷ್ಟು ಕರೆಂಟು. ಹಿತಕ್ಕೆ ಬೇಕಾದ್ದು ಅದರ ನಾಲ್ಕೈದು ಪಟ್ಟು.

ಹೀಗಾಗಿ ಬ್ಯಾಟರಿಯ ರಾತ್ರಿ ಮಾಡಬೇಕಾದ ಮೊದಲ ಕೆಲಸ ಹೀಟರ್ ಆರಿಸುವುದು. ಬೇಸಿಗೆಯ ಒಣ ಹವೆಯಲ್ಲಿ ಮೂಗು ತುಸು ಗೊಣಗೀತು. ಆದರೆ ಕೊಂಬೆ ಮುರಿಯುವಂಥ ಮಳೆ ಬಿದ್ದ ರಾತ್ರಿ ಪುಣೆಯ ಹವೆ ತಾನೇ ತೇವವಾಗಿರುತ್ತದೆ, ತೊಟ್ಟಿಯ ಹಂಗು ಅಷ್ಟಿರುವುದಿಲ್ಲ.

ಸಾಮಾನ್ಯವಾಗಿ ಮನೆಯಲ್ಲಿರುವ 12 ವೋಲ್ಟ್, 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆ ಇದೆಯೆಂಬುದು ಕಾಗದದ ಲೆಕ್ಕ. ಅದರ ಆಯುಸ್ಸು ಉಳಿಯಬೇಕೆಂದರೆ ಅರ್ಧ ಬಳಸಿ, ಅಂದರೆ 900. ಹೀಟರಿಲ್ಲದ ಮಷೀನಿಗೆ 10 ವ್ಯಾಟ್, ಇನ್ವರ್ಟರ್ ಬರಿದೆ ಎಚ್ಚರವಿರಲು 15: ಎಂಟು ಗಂಟೆಗೆ 200. ಹಳೆಯ 75 ವ್ಯಾಟಿನ ಫ್ಯಾನ್ ಸೇರಿದರೆ 800. ನೋಡಿ, ಫ್ಯಾನೇ ದೊಡ್ಡ ಗಿರಾಕಿ. ಇದರ ಮೇಲೆ ಹೀಟರನ್ನೂ ಹಾಕಿದರೆ ಬೆಳಗಾಗುವ ಮುನ್ನ ಆ 900 ಮುಗಿಯುತ್ತದೆ. ನಾಲ್ಕೈದು ವರ್ಷದ ಹಳೆಯದಾದರೆ ಇನ್ನೂ ಬೇಗ. ಇನ್ವರ್ಟರ್ ಸೈನ್‌ವೇವ್ ಮಾದರಿಯದಿರಲಿ. ಬೆನ್ನಿಗಿರುವ ಸ್ವಿಚ್ ಯುಪಿಎಸ್ ಕಡೆಗಿರಲಿ. ಆಗ ಬದಲಾವಣೆ ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿದು ಮಷೀನಿಗೆ ಗೊತ್ತೇ ಆಗುವುದಿಲ್ಲ. ಚಾರ್ಜ್ ಆಗುವಾಗ ಈ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಮಲಗುವ ಕೋಣೆಯಲ್ಲಿ ಅದಕ್ಕೆ ಜಾಗ ಬೇಡ.

ಇನ್ವರ್ಟರ್ ಇಲ್ಲದವರಿಗೆ ಲಿಥಿಯಮ್ ಬ್ಯಾಟರಿ ಉಂಟು, ಮಷೀನಿಗೆ ನೇರವಾಗಿ ಡಿ.ಸಿ. ಕೊಡುವಂಥದು. ಡಿ.ಸಿ.ಯನ್ನು ಎ.ಸಿ. ಮಾಡಿ ಅಡಾಪ್ಟರಿನಲ್ಲಿ ಮತ್ತೆ ಡಿ.ಸಿ. ಮಾಡುವ ದಂಡ ಅಲ್ಲಿಲ್ಲ. ಆದರೆ ಕೆಲವು ಮಷೀನು 12 ವೋಲ್ಟಿನವು, ಕೆಲವು 24ರವು. ತಳದ ಚೀಟಿ ಓದದೆ ಕೊಳ್ಳಬೇಡಿ. ವೈಫೈ ರೌಟರಿನ ಪುಟ್ಟ ಯುಪಿಎಸ್ ಸಾಕಲ್ಲವೇ ಎಂದು ಭಾವನೂ ಕೇಳಿದರು. ಸಾಲದು. ಅದರ ವೋಲ್ಟೇಜು ಎಲ್ಲ ಮಷೀನಿಗೂ ಹೊಂದದು, ರಾತ್ರಿಯಿಡೀ ಬಾಳುವಷ್ಟು ಶಕ್ತಿಯೂ ಇಲ್ಲ. ವಿಮಾನದಲ್ಲಿ ಒಯ್ಯುವವರು 100 ವ್ಯಾಟ್-ಗಂಟೆಯ ಮಿತಿ ನೆನಪಿಡಿ. 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು.

ಒಂದು ರಾತ್ರಿ ಮಷೀನ್ ಇಲ್ಲದಿದ್ದರೆ ಏನಾಗುತ್ತದೆ? ಕಾಯಿಲೆ ಅದೇ ರಾತ್ರಿ ಮರಳುತ್ತದೆ, ಮರುದಿನ ತೂಕಡಿಕೆ. ಹೆಚ್ಚಿನವರಿಗೆ ಜೀವಕ್ಕೆ ಅಪಾಯವಿಲ್ಲ. ಗಾಳಿ ನಿಂತ ಮಾಸ್ಕನ್ನು ಮೊದಲು ತೆಗೆಯಬೇಕು, ಬಿಟ್ಟ ಉಸಿರನ್ನೇ ಮತ್ತೆ ಎಳೆಯುವಂತಾಗಬಾರದು. ಮಗ್ಗುಲಾಗಿ, ತಲೆ ಎತ್ತರಿಸಿ ಮಲಗಬೇಕು. ಅಂದು ಮದ್ಯ ಬೇಡ. ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ಇಂಥ ರಾತ್ರಿಗೆ ಏನು ಮಾಡಬೇಕೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಲಿ. ಉಸಿರು ಎಳೆಯುವಾಗೊಂದು, ಬಿಡುವಾಗೊಂದು ಒತ್ತಡ ಕೊಡುವ ಬೈಪ್ಯಾಪ್ ಮಷೀನ್ ಬಳಸುವವರ, ಜೊತೆಗೆ ಆಕ್ಸಿಜನ್ ಬೇಕಾದವರ ಮಾತು ಬೇರೆ. ಅವರಿಗೆ ಬ್ಯಾಟರಿ ಅನುಕೂಲವಲ್ಲ, ಚಿಕಿತ್ಸೆಯ ಭಾಗ.

ಪುಣೆಯಲ್ಲಿ ಲೈನ್ ರಿಪೇರಿಗೆಂದು ಕರೆಂಟ್ ತೆಗೆಯುವುದು ರೂಢಿಯಂತೆ ಗುರುವಾರ, ಹಗಲಿನಲ್ಲಿ. ನಾನು ಹೋಗಿದ್ದಾಗ ಅಂಥದ್ದೊಂದು ಗುರುವಾರ ಸಿಕ್ಕಿತು. ಅಷ್ಟರಲ್ಲಿ ಎಲೆಕ್ಟ್ರೀಷಿಯನ್ ಮಂಚದ ಪಕ್ಕದ ಪ್ಲಗ್ಗಿಗೆ ಇನ್ವರ್ಟರ್ ಲೈನ್ ಎಳೆದಿದ್ದ. ಊಟ ಮುಗಿಸಿ ಭಾವ ಮಾಸ್ಕ್ ಹಾಕಿ ಮಲಗಿದರು, ನಾನು ಪ್ಲಗ್ಗಿಗೊಂದು ವ್ಯಾಟ್ ಮೀಟರ್ ಸಿಕ್ಕಿಸಿ ಪಕ್ಕದಲ್ಲಿ ಕುಳಿತೆ. ಹೀಟರ್ ಇದ್ದಾಗ 52, 55. ಆರಿಸಿದ ಮೇಲೆ 7, 9, 8, 7. ಅವರು ಉಸಿರೆಳೆದಾಗ ಅಂಕಿ ಏರುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಅಕ್ಕ ಬಗ್ಗಿ ನೋಡಿ, "ಇಷ್ಟs ಏನು?" ಎಂದು ಕೇಳಿ, ಫ್ಯಾನಿನ ವೇಗ ಒಂದು ಮನೆ ಕಡಿಮೆ ಮಾಡಿ ಹೋದಳು.