ಸಂದೇಶಕ್ಕೆ ತಕ್ಕ ಜಾಲತಾಣ

ಜನರಿಗೆ ಒಂದು ವಿಷಯವನ್ನು ತಿಳಿಸಬೇಕಾದವರ ಮುಂದೆ ಎರಡು ಪ್ರಶ್ನೆಗಳಿರುತ್ತವೆ: ಏನನ್ನು ಹೇಳಬೇಕು? ಯಾವ ಮಾರ್ಗದಿಂದ ಹೇಳಬೇಕು? ಮೊದಲನೆಯದರಲ್ಲಿ ತೋರುವ ಶ್ರದ್ಧೆಯನ್ನು ನಾವು ಎರಡನೆಯದರಲ್ಲಿ ತೋರುವುದು ಅಪೂರ್ವ. ಹಿಂದೆ ಡಂಗುರ ಸಾರುವವನು ಕೂಡ ಜನ ಸೇರುವ ಜಾಗವನ್ನೂ ಹೊತ್ತನ್ನೂ ನೋಡಿ ಸಾರುತ್ತಿದ್ದನು. ಇಂದಾದರೋ ಒಂದೇ ಪ್ರಕಟಣೆಯನ್ನು ಎಲ್ಲ ಸಾಮಾಜಿಕ ಜಾಲತಾಣಗಳಲ್ಲಿಯೂ ಹಾಕಿ ಕೃತಕೃತ್ಯರಾದೆವೆಂದು ಭಾವಿಸುವುದು ವಾಡಿಕೆಯಾಗಿದೆ. ಈ ವಾಡಿಕೆ ಏಕೆ ಸಾಲದೆಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಜಾಲತಾಣಗಳೆಲ್ಲವೂ ಒಂದೇ ಬಗೆಯವಲ್ಲ. ಸ್ಥೂಲವಾಗಿ ಅವುಗಳಲ್ಲಿ ಮೂರು ವರ್ಗಗಳನ್ನು ಗುರುತಿಸಬಹುದು. ಮೊದಲನೆಯದು ಪರಿಚಿತರ ಕೂಟ. ವಾಟ್ಸ್‌ಆ್ಯಪ್ ಗುಂಪುಗಳು ಇದಕ್ಕೆ ನಿದರ್ಶನ. 2016ರಿಂದ ಇಲ್ಲಿನ ಸಂದೇಶಗಳು ಕಳುಹಿಸಿದವರಿಂದ ಪಡೆದವರವರೆಗೆ ಗೂಢಲಿಪಿಯಲ್ಲಿಯೇ ಸಾಗುವುದರಿಂದ ನಡುವಿನವರಾರೂ ಅವನ್ನು ಓದಲಾರರು. ಬಂಧುಗಳ ಮೇಲಿನ ವಿಶ್ವಾಸವು ಅವರು ಕಳುಹಿಸಿದ ಮಾತಿನ ಮೇಲೂ ಹರಿಯುವುದು ಈ ವರ್ಗದ ವಿಶೇಷ. ಎರಡನೆಯದು ಬಹಿರಂಗ ಸಭೆ. 2006ರಲ್ಲಿ ಟ್ವಿಟರ್ ಎಂದು ಆರಂಭವಾಗಿ 2023ರಲ್ಲಿ ಎಕ್ಸ್ ಎಂದು ಹೆಸರು ಬದಲಿಸಿಕೊಂಡ ತಾಣವೂ, ಫೇಸ್‌ಬುಕ್ ಹಾಗೂ ಇನ್‌ಸ್ಟಾಗ್ರಾಂಗಳ ಸಾರ್ವಜನಿಕ ಪುಟಗಳೂ ಈ ವರ್ಗಕ್ಕೆ ಸೇರಿದವು. ಇಲ್ಲಿ ಯಾರಿಗೆ ಯಾವುದು ಕಾಣಬೇಕೆಂಬುದನ್ನು ಬಹುಮಟ್ಟಿಗೆ ಯಂತ್ರಗಣನೆಯೇ ನಿರ್ಧರಿಸುತ್ತದೆ. ಓದುಗರ ಪ್ರತಿಕ್ರಿಯೆಯನ್ನು ಸೆಳೆಯುವುದು ಮುಂದೆ ಬರುತ್ತದೆ, ಉಳಿದುದು ಹಿಂದೆ ಸರಿಯುತ್ತದೆ. ಮೂರನೆಯದು ಭಂಡಾರ. 2005ರಲ್ಲಿ ಆರಂಭವಾದ ಯೂಟ್ಯೂಬಿನಲ್ಲಿ ವರ್ಷಗಳ ಹಿಂದಿನ ಉಪನ್ಯಾಸವನ್ನೂ ಹುಡುಕಿ ಕೇಳಬಹುದು.

ಈ ಭೇದವು ಕೇವಲ ಶಾಸ್ತ್ರವಿಚಾರವಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಯು ವಾಟ್ಸ್‌ಆ್ಯಪಿನ ಮೂಲಕ ಹಲವು ರಾಜ್ಯಗಳಲ್ಲಿ ಹಬ್ಬಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿಯೂ, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿಯೂ ನಿರಪರಾಧಿಗಳು ಜನರ ಗುಂಪಿನ ಕೈಯಲ್ಲಿ ಪ್ರಾಣ ಕಳೆದುಕೊಂಡರು. ಇಂಥ ಸಮಯದಲ್ಲಿ ವದಂತಿಯನ್ನು ಅಲ್ಲಗಳೆಯುವ ಪ್ರಕಟಣೆಯನ್ನು ಬಹಿರಂಗ ತಾಣದಲ್ಲಿ ಮಾತ್ರ ಹಾಕಿದರೆ ಅದು ನಗರದ ಪತ್ರಕರ್ತರನ್ನು ಮುಟ್ಟೀತು. ಹಳ್ಳಿಯ ಗುಂಪಿನಲ್ಲಿ ಆ ವದಂತಿಯನ್ನು ನಂಬಿದವರನ್ನು ಮುಟ್ಟುವ ಭರವಸೆಯಿಲ್ಲ. ಮಾತು ಸತ್ಯವಾದರೂ ಮಾರ್ಗ ಬೇರೆ. ತೆಲಂಗಾಣದ ಜೋಗುಳಾಂಬ ಗದ್ವಾಲ್ ಜಿಲ್ಲೆಯ ಪೊಲೀಸರು ಅದೇ ವರ್ಷ ಈ ಮರ್ಮವನ್ನರಿತು ನಡೆದರು. ಅವರು ಹಳ್ಳಿಗಳಿಗೆ ಹೋಗಿ ಜನರೊಡನೆ ಮಾತನಾಡಿದರು, ಸ್ಥಳೀಯ ವಾಟ್ಸ್‌ಆ್ಯಪ್ ಗುಂಪುಗಳನ್ನು ಸೇರಿದರು, ಜಾನಪದ ಗಾಯನದಿಂದಲೂ ಎಚ್ಚರಿಕೆಯನ್ನು ಸಾರಿದರು. ಸಂಸ್ಥೆಯೂ 2018ರ ಜುಲೈಯಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಳಿಗಿಂತ ಹೆಚ್ಚು ರವಾನಿಸದಂತೆ ಮಿತಿಗೊಳಿಸಿತು; ಬಹಳ ಸಲ ಕೈಬದಲಾದ ಸಂದೇಶಕ್ಕೆ 2020ರ ಏಪ್ರಿಲಿನಲ್ಲಿ ಆ ಮಿತಿ ಒಂದಕ್ಕಿಳಿಯಿತು. ಆದರೆ ಮಿತಿಯು ವೇಗವನ್ನು ತಗ್ಗಿಸಬಲ್ಲುದೇ ಹೊರತು ಸತ್ಯವನ್ನು ತಂದುಕೊಡಲಾರದು.

ಆದಕಾರಣ ತಾಣವನ್ನು ಆರಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ. ಕೇಳಬೇಕಾದವರು ಈಗಾಗಲೇ ಎಲ್ಲಿ ಸೇರಿದ್ದಾರೆ? ಮಾತು ಎಷ್ಟು ಕಾಲ ಬಾಳಬೇಕು? ಉತ್ತರವನ್ನು ನಾವು ಬಯಸುತ್ತೇವೆಯೆ? ಪರೀಕ್ಷೆಯ ದಿನ ಬದಲಾದುದನ್ನು ತಿಳಿಸಲು ತರಗತಿಯ ಗುಂಪೇ ಸಾಕು. ಅದು ನಾಳೆಗೆ ಹಳತಾಗುವ ಮಾತು. ಹಳಗನ್ನಡ ವ್ಯಾಕರಣದ ಉಪನ್ಯಾಸಕ್ಕೆ ಭಂಡಾರವೇ ತಕ್ಕ ಸ್ಥಳ. ಆದರೆ ಶೀರ್ಷಿಕೆ ಸ್ಪಷ್ಟವಾಗಿಲ್ಲದಿದ್ದರೆ ಹುಡುಕುವವರಿಗೆ ಅದು ಸಿಕ್ಕದು. ಸಂಶೋಧನೆಯ ಫಲವನ್ನು ಇತರ ವಿದ್ವಾಂಸರ ವಿಮರ್ಶೆಗೆ ಒಡ್ಡಬೇಕಾದರೆ ಬಹಿರಂಗ ಸಭೆಗೆ ಹೋಗಬೇಕು, ಅಲ್ಲಿ ಬರುವ ಆಕ್ಷೇಪಗಳಿಗೆ ಉತ್ತರಿಸುವ ಸಹನೆಯನ್ನೂ ಒಯ್ಯಬೇಕು.

ಕಡೆಯದಾಗಿ ಒಂದು ಎಚ್ಚರಿಕೆ. ಈ ತಾಣಗಳಾವುವೂ ನಮ್ಮ ಸ್ವತ್ತಲ್ಲ. 2020ರ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಅಲ್ಲಿ ಮಾತ್ರವೇ ತಮ್ಮ ಕೃತಿಗಳನ್ನಿಟ್ಟಿದ್ದವರು ತಮ್ಮ ಪ್ರೇಕ್ಷಕರನ್ನು ಒಮ್ಮೆಗೇ ಕಳೆದುಕೊಂಡರು. ಆದ್ದರಿಂದ ವಿಭಾಗದ ಉಪನ್ಯಾಸ, ಕ್ಷೇತ್ರಕಾರ್ಯದ ಧ್ವನಿಮುದ್ರಣ, ಲೇಖನ ಇವುಗಳ ಮೂಲಪ್ರತಿಯು ವಿಭಾಗದಲ್ಲಿಯೇ ಇರತಕ್ಕದ್ದು. ಜಾಲತಾಣವು ಮಾತನ್ನು ಮುಟ್ಟಿಸುವ ದಾರಿ. ಮಾತನ್ನು ಕಾಪಾಡುವ ಹೊಣೆ ನಮ್ಮದೇ.