ಉಳ್ಳಾಗಡ್ಡಿ ಎಲೆ ಯಾಕೆ ಮುರುಟುತ್ತದೆ?

ಅಕ್ಕಂದಿರೆ, ಸೇಡಂ, ಚಿತ್ತಾಪುರ ಕಡೆ ನಾವು ಹೊಲದಾಗ, ಹಿತ್ತಲದಾಗ ಉಳ್ಳಾಗಡ್ಡಿ ಹಾಕ್ತೀವಿ. ಎಲೆ ಮುರುಟಿದರೆ ದೃಷ್ಟಿ ತಾಗಿತು ಅನ್ನಬೇಡಿರಿ. ಸುಳಿ ಬಿಡಿಸಿ ನೋಡಿರಿ. ಎಲೆ ಮೇಲೆ ಬೆಳ್ಳಿಯಂಥ ಗೆರೆ ಇವೆಯೇ? ಸುಳಿಯನ್ನು ಬಿಳಿ ಹಾಳೆ ಮೇಲೆ ಕೊಡವಿರಿ. ಹಳದಿ ಪುಡಿಯಂಥ ಹುಳ ಹರಿದಾಡಿದರೆ ಅದು ನುಸಿ. ಒಣ ಹವೆಯಲ್ಲಿ ಹೆಚ್ಚು. ಎಲೆಯ ರಸ ಹೀರುತ್ತದೆ. ಗಡ್ಡೆ ಸಣ್ಣದಾಗುತ್ತದೆ. ಸಂತೆಯಲ್ಲಿ ರೇಟು ಸಿಗೋದಿಲ್ಲ.

50 ಗ್ರಾಂ ಬೇವಿನ ಬೀಜ ಕುಟ್ಟಿ, 1 ಲೀಟರ್ ನೀರಲ್ಲಿ ರಾತ್ರಿಯೆಲ್ಲ ನೆನೆಯಿಡಿರಿ. ಸೋಸಿ, ಚೂರು ಸಾಬೂನು ಕಲಸಿರಿ. ಸಾಬೂನು ಇಲ್ಲದಿದ್ದರೆ ನೀರು ಎಲೆಯಿಂದ ಜಾರಿ ಹೋಗುತ್ತದೆ. ಸಂಜೆ ಹೊತ್ತು ಸುಳಿಯೊಳಗೆ ಬೀಳುವಂತೆ ಹೊಡೀರಿ.

ಮಳೆಗಾಲದಲ್ಲಿ ಹುಳವಿಲ್ಲದೆ ಎಲೆ ಹಗ್ಗದಂತೆ ತಿರುಚಿ, ಗಿಡದ ಕತ್ತು ಉದ್ದವಾದರೆ ಅದು ಬೂಷ್ಟಿನ ರೋಗ. ಅದಕ್ಕೆ ಬೇವು ಸಾಲದು. ಗಿಡ ಕಿತ್ತು ಸುಡಿರಿ. ನಿಂತ ನೀರು ಹೊರಗೆ ಬಿಡಿರಿ. ಒಂದು ಗಿಡ ಚೀಲದಲ್ಲಿ ಕಟ್ಟಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತೋರಿಸಿರಿ.