ನೋವಿನ ಕೆಲಸ ಮಾಡುವ ಚಪ್ಪಲಿ

ಹವಾಯಿ ಚಪ್ಪಲಿ ಕಾಲಿನಿಂದ ಜಾರಿದರೂ ಗೊತ್ತಾಗದೆ ಮುಂದೆ ನಡೆದುಬಿಡುವವರಿದ್ದಾರೆ. ಸಕ್ಕರೆ ಕಾಯಿಲೆಯೋ ಕುಷ್ಠವೋ ಅವರ ಪಾದದ ನರಗಳನ್ನು ಜಡಗೊಳಿಸಿರುತ್ತದೆ. ಚುಚ್ಚಿದ ಮೊಳೆಯಾಗಲಿ, ಬಿಸಿಲಿಗೆ ಕಾದ ದೇವಸ್ಥಾನದ ಹಾಸುಗಲ್ಲಾಗಲಿ ತಿಳಿಯುವುದಿಲ್ಲ. ಇಂಥ ಕಾಲುಗಳನ್ನು ಕಾಯುವ ಚಪ್ಪಲಿಯ ವಿದ್ಯೆಗೆ ಪಕ್ಕದ ತಮಿಳುನಾಡಿನ ವೆಲ್ಲೂರು ಮತ್ತು ಅದರ ಸಮೀಪದ ಕರಿಗಿರಿಯ ಕುಷ್ಠರೋಗ ಕೇಂದ್ರದ ಋಣ ದೊಡ್ಡದು.

ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಡಾ. ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠವೇ ಮಾಂಸವನ್ನು ಕೊಳೆಸುತ್ತದೆ ಎಂದು ಆಗ ಅನೇಕ ವೈದ್ಯರೂ ನಂಬಿದ್ದರು. ಹುಣ್ಣಿನ ಜಾಡು ಹಿಡಿದು ಹೊರಟ ಬ್ರ್ಯಾಂಡ್ ಅವರಿಗೆ ಸಿಕ್ಕಿದ್ದು ಬೇರೆಯೇ ಕಾರಣ. ನೋವು ತಿಳಿಯುವ ಮನುಷ್ಯ ದೂರ ನಡೆದಂತೆಲ್ಲ ತನಗರಿವಿಲ್ಲದೆ ಹೆಜ್ಜೆಯ ಧಾಟಿ ಬದಲಿಸುತ್ತಾನೆ. ದಣಿದ ಜಾಗದ ಭಾರ ಬೇರೆಡೆ ಸರಿಯುತ್ತದೆ. ನೋವು ಸತ್ತ ಕಾಲು ಮೊದಲ ಹೆಜ್ಜೆಯಂತೆಯೇ ಕೊನೆಯದನ್ನೂ ಊರುತ್ತದೆ. ಹೆಬ್ಬೆರಳ ಬುಡದ ಮೂಳೆಯಡಿ ಅದೇ ಚರ್ಮ ಸಾವಿರಾರು ಸಲ ಅದುಮಿಸಿಕೊಂಡು, ಊದಿ, ಒಳಗೊಳಗೇ ಜಜ್ಜಿಹೋಗುತ್ತದೆ. ಮುಂದೆ ಅಮೆರಿಕದ ಕಾರ್ವಿಲ್‌ನಲ್ಲಿ ಅವರು ಬಣ್ಣದ ಸೂಕ್ಷ್ಮ ಗುಳಿಗೆಗಳಿದ್ದ ಕಾಲುಚೀಲ ತೊಡಿಸಿ ರೋಗಿಗಳನ್ನು ನಡೆಸಿದರು. ಒತ್ತಡ ಹೆಚ್ಚಿದಲ್ಲಿ ಗುಳಿಗೆ ಒಡೆದು ಬಣ್ಣ ಮೂಡುತ್ತಿತ್ತು.

ಈ ತಿಳಿವಳಿಕೆಯೇ ಎಂಸಿಆರ್ ಚಪ್ಪಲಿಯ ಬೆನ್ನೆಲುಬು. ಕಾಲಿಗೆ ತಾಗುವ ಪದರ ಸಣ್ಣ ಗಾಳಿಗುಳ್ಳೆಗಳ ಮೈಕ್ರೊಸೆಲ್ಯುಲರ್ ರಬ್ಬರ್; ಅದುಮಿದರೆ ತಗ್ಗುತ್ತದೆ, ಬಿಟ್ಟರೆ ಮೇಲೇಳುತ್ತದೆ, ಭಾರವನ್ನು ಅಂಗಾಲಿಗೆಲ್ಲ ಹಂಚುತ್ತದೆ. ಕೆಳಗಿನ ಅಟ್ಟೆ ಗಟ್ಟಿ, ಮುಳ್ಳು ತೂರಬಾರದು. ಜಾರದಂತೆ ಹಿಮ್ಮಡಿಗೆ ಪಟ್ಟಿ ಬೇಕು. ಮೊಳೆ ಮಾತ್ರ ಎಲ್ಲಿಯೂ ಇರಕೂಡದು. ರಾಷ್ಟ್ರೀಯ ಕುಷ್ಠ ನಿರ್ಮೂಲನಾ ಕಾರ್ಯಕ್ರಮದಲ್ಲಿ ಅಗತ್ಯವಿರುವವರಿಗೆ ಇದು ಉಚಿತ.

ಇಷ್ಟು ಒಳ್ಳೆಯ ಚಪ್ಪಲಿ ಮನೆಯ ಮೂಲೆ ಸೇರಿದ್ದೂ ಉಂಟು. ಒಂದೇ ನಮೂನೆಯ ಆ ಕಪ್ಪು ಜೋಡು ತೊಟ್ಟವರ ಕಾಯಿಲೆಯನ್ನು ಊರಿಗೆಲ್ಲ ಸಾರುತ್ತಿತ್ತು. ಹಾಗಾಗಿ ಅಂಗಡಿಯ ಸ್ಯಾಂಡಲ್‌ನಂತೆಯೇ ಕಾಣುವ ವಿನ್ಯಾಸಗಳು ಬಂದಿರುವುದು ಬರಿಯ ಶೋಕಿಯಲ್ಲ. ಅಂದವೂ ಇಲ್ಲಿ ಚಿಕಿತ್ಸೆಯ ಭಾಗ.

ಅಂಗಾಲಿನಲ್ಲಿ ಹುಣ್ಣಾದ ಮೇಲೆ ಚಪ್ಪಲಿ ಸಾಲದು. ಪಾದಕ್ಕೆ ಪೂರ್ತಿ ಹೊಂದಿಕೊಂಡು ಮೊಣಕಾಲ ಕೆಳಗಿನವರೆಗೆ ಬರುವ, ಬಿಚ್ಚಲಾಗದ ಕಾಸ್ಟ್ ಹಾಕಿ ಒತ್ತಡ ಇಳಿಸುತ್ತಾರೆ. ಬಿಚ್ಚಲಾಗದ್ದೇ ಏಕೆ? ಬಿಚ್ಚಬಹುದಾದ ಬೂಟು ಕೊಟ್ಟ ರೋಗಿಗಳು ದಿನದ ಹೆಜ್ಜೆಗಳಲ್ಲಿ ಶೇ 28ರಷ್ಟನ್ನು ಮಾತ್ರ ಅದನ್ನು ಧರಿಸಿ ನಡೆದಿದ್ದರೆಂದು 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಕಂಡಿತು. ಮನೆಯೊಳಗೆ ಬಂದೊಡನೆ ಕಳಚಿಟ್ಟುಬಿಡುವುದೇ ಹೆಚ್ಚು.

ಹೊಸ್ತಿಲಲ್ಲಿ ಚಪ್ಪಲಿ ಬಿಡುವ ನಮ್ಮ ಮನೆಗಳಲ್ಲಿ ಇದು ಇನ್ನೂ ಕಠಿಣ. ಸ್ಪರ್ಶಜ್ಞಾನ ಇಲ್ಲದವರಿಗೆ ಮನೆಯೊಳಗಿಗೆಂದೇ ಇನ್ನೊಂದು ಜೋಡು ಬೇಕು. ತೊಡುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು ಇದೆಯೇ ನೋಡಬೇಕು. ಹೆಬ್ಬೆರಳಿಂದ ಒತ್ತಿದ ರಬ್ಬರ್ ಮತ್ತೆ ಮೇಲೇಳದಿದ್ದರೆ ಆ ಜೋಡು ಬದಲಾಯಿಸಬೇಕು.